ಮರೆತರೂ ಬದುಕುವ ಅಂಗಳ

ನೌಕರಿಯ ಉದ್ದಕ್ಕೂ ನಾನು ಕಾಗದದ ಮೇಲೆ ನೀರು ಹರಿಸಿದವನು. ನೀರಾವರಿ ಕಚೇರಿಯಲ್ಲಿ ಕಾಲುವೆಗಳ ನಕ್ಷೆ ಬರೆಯುವುದು ನನ್ನ ಕೆಲಸವಾಗಿತ್ತು. ನದಿಯಿಂದ ಮೇಲೆತ್ತಿದ ನೀರು ಬಬಲೇಶ್ವರದ ಕಡೆಗೂ ತಿಕೋಟಾದ ಕಡೆಗೂ ಬಂದು ಒಣ ಕೆರೆಗಳು ತುಂಬಿದಾಗ, ದಂಡೆಯ ಮೇಲೆ ನಿಂತು ನಾನೇ ಹೊತ್ತು ತಂದವನಂತೆ ಮೀಸೆ ತಿರುವಿದ್ದೆ. ನಮ್ಮ ಸೀಮೆಯಲ್ಲಿ ನೀರೆಂದರೆ ಮರ್ಯಾದೆ. ಬಂದವರಿಗೆ ಮೊದಲು ತಂಬಿಗೆ ನೀರು ಕೊಡುತ್ತೇವೆ, ಮಾತೇನಿದ್ದರೂ ಆಮೇಲೆ. ಅಂಥವನು ವಿಜಯಪುರದಲ್ಲಿ, ತಿಕೋಟಾ ರಸ್ತೆಗೆ ಹತ್ತಿದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರೆ ಮುಂದಿನ ಅಂಗಳದಲ್ಲಿ ಏನು ಮಾಡಿಯಾನು? ಹುಲ್ಲುಹಾಸು ಹಾಕಿಸಿದೆ.

ಅಲ್ಲಿಯ ನೆಲ ಕಪ್ಪು ಎರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಸೀಳು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಪೇಟೆಯ ಮನೆಯ ಮುಂದೆ ಹೊಲದ ಮಣ್ಣು ಯಾಕೆಂದು ಅದರ ಮೇಲೆ ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ತರಿಸಿ ಹರವಿದೆ. ಹುಲ್ಲು ಬಂತು. ಕಾಂಪೌಂಡಿನ ಗುಂಟ ಪಾಮ್ ಗಿಡಗಳು ಬಂದವು. ಬಚ್ಚಲ ನೀರಿಗೆ ಪೈಪು ಜೋಡಿಸಿ ನೇರ ಗಟಾರಕ್ಕೆ ಬಿಟ್ಟೆ. ಇಷ್ಟೆಲ್ಲ ಮಾಡಿದವನು ನಾನು, ದಿನಕ್ಕೆರಡು ಹೊತ್ತು ಪೈಪು ಹಿಡಿದು ನಿಲ್ಲುವವಳು ನನ್ನ ಹೆಂಡತಿ. ಬಂದವರು ಹೊಗಳಿದರೆ ಕೇಳಿಸಿಕೊಳ್ಳಲು ಮತ್ತೆ ನಾನು ಹಾಜರು. ಅವಳು ಎರಡು ದಿನ ತವರಿಗೆ ಹೋದರೆ ಹುಲ್ಲು ಕಂದುತ್ತಿತ್ತು, ಯಾಕೆಂದರೆ ನೀರು ಬಿಡುವುದು ನನಗೆ ನೆನಪಾಗುತ್ತಿರಲಿಲ್ಲ. ಒಲೆಯ ಮೇಲಿನ ಹಾಲು, ಕೊಡೆ, ಕನ್ನಡಕ, ದೂರದೂರಿಗೆ ಮದುವೆ ಮಾಡಿಕೊಟ್ಟ ಮಗಳ ಹುಟ್ಟಿದ ದಿನ ಎಲ್ಲವನ್ನೂ ಮರೆತು ಹೆಸರು ಮಾಡಿದವನು ನಾನು.

ಅವಳ ತವರು ಬಬಲೇಶ್ವರ. ಒಕ್ಕಲುತನದ ಮನೆ, ಡೋಣಿ ಹೊಳೆಯ ಸಾಲಿನ ಎರೆ ಹೊಲ. ಅವರ ಹಿತ್ತಲಿಗೆ ಯಾರೂ ನೀರು ಹಾಕಿದ್ದನ್ನು ನಾನು ನೋಡಿಲ್ಲ. ಬಚ್ಚಲ ನೀರು ತಾನೇ ಹರಿದು ಹೋಗಿ ಬಾಳೆಗೆ, ಕರಿಬೇವಿಗೆ ಮುಟ್ಟುತ್ತಿತ್ತು, ಉಳಿದದ್ದಕ್ಕೆ ಮಳೆರಾಯ. ಮದುವೆಯಾದ ಹೊಸದರಲ್ಲಿ ನಾನು ಆ ಹಿತ್ತಲನ್ನು ನೋಡಿ ನಕ್ಕಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಅವಳ ಮೂತ್ರಪಿಂಡಗಳು ಕೆಟ್ಟಿವೆ ಎಂದು ತಿಳಿದಾಗ ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್. ಕುಡಿಯುವ ನೀರಿಗೆ ಅಳತೆ ಬಿತ್ತು. ಚಹಾ, ಸಾರು, ಮಜ್ಜಿಗೆ ಎಲ್ಲ ಲೆಕ್ಕ ಹಿಡಿದು ಉಳಿದದ್ದು ದಿನಕ್ಕೆ ಒಂದು ಸಣ್ಣ ತಂಬಿಗೆ. ಬೆಳಿಗ್ಗೆ ಅದನ್ನು ತುಂಬಿ ಅಡುಗೆಮನೆಯ ಕಟ್ಟೆಯ ಮೇಲೆ ತಾಟು ಮುಚ್ಚಿ ಇಡುತ್ತಿದ್ದಳು. ಗಂಟಲು ಒಣಗಿದಾಗ ಒಂದು ಗುಟುಕು. ಉಳಿದ ಹೊತ್ತು ಬಾಯಲ್ಲಿ ಲವಂಗ. ನಮ್ಮ ಬೇಸಿಗೆ ಎಂಥದೆಂದು ಇಲ್ಲಿ ಇದ್ದವರಿಗೆ ಗೊತ್ತು. ಆ ಬಿಸಿಲಲ್ಲಿ ನಾನು ಆ ತಂಬಿಗೆಯನ್ನು ನೋಡದ ಹಾಗೆ ಹೋಗಿ ಫ್ರಿಜ್ಜಿನ ಬಾಟಲಿ ಎತ್ತಿ ಕುಡಿಯುತ್ತಿದ್ದೆ.

ಆ ಬೇಸಿಗೆಯಲ್ಲೇ ಬೋರು ಬತ್ತಿತು. ಟ್ಯಾಂಕರ್ ತರಿಸಿದೆ. ಒಂದು ಸಂಜೆ ಅವಳು ಡಯಾಲಿಸಿಸ್ ಮುಗಿಸಿ ಬಂದು ಬಾಗಿಲ ಮುಂದಿನ ಪಾವಟಿಗೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲವಾದ್ದರಿಂದ ಪೈಪು ಈಗ ನನ್ನ ಕೈಯಲ್ಲಿತ್ತು. ನೀರು ಹುಲ್ಲಿನ ಮೇಲೆ ನಿಂತು, ತುಂಬಿ, ಗೇಟಿನ ಕೆಳಗಿಂದ ರಸ್ತೆಗೆ ಹೋಗುತ್ತಿತ್ತು.

“ಡಾಕ್ಟರ್ ನನಗ ತಂಬಿಗಿ ಅಳತಿ ಹಾಕ್ಯಾರ,” ಎಂದಳು. “ಈ ಹುಲ್ಲಿಗೆ ಅಳತಿ ಹಾಕೋರು ಯಾರೂ ಇಲ್ಲೇನ್ರಿ?”

ಸಿಟ್ಟಿನ ದನಿಯಲ್ಲ, ಕೇಳಬೇಕಾದದ್ದನ್ನು ಕೇಳಿದ ದನಿ. ನನಗೆ ಮಾತ್ರ ಸಿಟ್ಟು ಬಂತು. “ಹುಲ್ಲಿನ ಮ್ಯಾಲೂ ಹೊಟ್ಟಿಕಿಚ್ಚು ಪಡತಿಯೇನು?” ಎಂದುಬಿಟ್ಟೆ. ಬಾಯಾರಿ ಕೂತವಳಿಗೆ ಆಡಿದ ಆ ಮಾತನ್ನು ನಾನು ಮರೆತಿಲ್ಲ. ಮರೆಯಬೇಕಾದದ್ದು ಮರೆಯದೆ, ಮರೆಯಬಾರದ್ದು ಮರೆಯುವ ತಲೆ ನನ್ನದು.

ನಾಲ್ಕು ದಿನ ನಾವು ಮಾತಾಡಲಿಲ್ಲ. ಐದನೆಯ ದಿನ ಅವಳೇ ನನ್ನನ್ನು ಪಾವಟಿಗೆಯ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡಳು.

“ನಾ ಇನ್ನ ಎಷ್ಟ ದಿನ ಇರತೇನೋ ಗೊತ್ತಿಲ್ಲ. ನಾ ಹೋದಮ್ಯಾಲ ನೀವು ಇದಕ್ಕ ನೀರ ಹಾಕೂದು ಮರೀತೀರಿ. ಸಿಟ್ಟಿಲ್ಲ ನನಗ, ನಿಮ್ಮ ಸ್ವಭಾವನ ಹಂಗ. ಖರೆ, ಎಲ್ಲಾ ಒಣಗಿದಮ್ಯಾಲ ಅದನ್ನ ನೋಡಕೋತ ನೀವೊಬ್ರ ಕೂತು ಮರಗೂದು ಬ್ಯಾಡ. ನೀವು ಮರತರೂ ಬದಕೂವಂಥ ಗಿಡಾ ಹಚ್ಚೂಣು.”

‘ನಾನು ಸತ್ತ ಮೇಲೆ’ ಎನ್ನುವ ಮಾತನ್ನು ಅವಳು ಅಂಗಳದ ಗಿಡದ ಮಾತಿನಲ್ಲಿ ಹೇಳಿದಳು. ಅದಕ್ಕೇ ನನಗೆ ಕೇಳಿಸಿಕೊಳ್ಳಲು ಸಾಧ್ಯವಾಯಿತು.

ನಾನು ನಕ್ಷೆಯವನಲ್ಲವೆ, ಮರುದಿನವೇ ಅಂಗಳವನ್ನು ಅಳೆದು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆದೆ. ಇಲ್ಲಿ ಗಿಡ, ಅಲ್ಲಿ ಕಟ್ಟೆ, ನಡುವೆ ನೀರಿನ ನೀಲಿ ಗೆರೆ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

“ಚಂದ ಐತ್ರಿ. ಆದ್ರ ಇದು ನೀವು ಬರದ ನೀರು. ಮಳಿ ಬರಲಿ. ನೀರು ಎಲ್ಲಿ ನಿಂದರತಾವ, ಎಲ್ಲಿ ಹೋಗತಾವ, ಅವ ತೋರಸತಾವ.”

ಮುಂಗಾರು ಶುರುವಾಗುವ ಮಿರಗದ ಮಳೆಗೆ ಮೊದಲು ಅವಳ ತಮ್ಮ ಬಬಲೇಶ್ವರದಿಂದ ಬಂದು ಹುಲ್ಲನ್ನೂ ಪಾಮ್ ಗಿಡಗಳನ್ನೂ ಕೀಳಿಸಿ, ಕೆಂಪು ಮಣ್ಣನ್ನು ಕೆತ್ತಿಸಿ ತೆಗೆಸಿದ. ಕೆಳಗಿನ ಎರೆ ಹಾಗೆಯೇ ಇತ್ತು, ಇಷ್ಟು ವರ್ಷ ಅದರ ಮೇಲೆ ನಾವು ಚಾದರ ಹೊದಿಸಿದ್ದೆವು ಅಷ್ಟೆ. ಮೊದಲ ದೊಡ್ಡ ಮಳೆ ಹಗಲಿಗೇ ಬಂತು. ಅವಳು ಪಡಸಾಲೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು, ನಾನು ಕೊಡೆ ಹಿಡಿದು ಅಂಗಳದಲ್ಲಿ ನಿಂತೆ. ನೀರು ಎಲ್ಲಿ ತಿರುಗುತ್ತದೋ ಅಲ್ಲಿ ಒಂದು ಇಟ್ಟಿಗೆ, ಎಲ್ಲಿ ನಿಲ್ಲುತ್ತದೋ ಅಲ್ಲಿ ಎರಡು. ಅವಳು ಕೈ ಮಾಡಿ ತೋರಿಸುವುದು, ನಾನು ಕೆಸರಿನಲ್ಲಿ ಇಟ್ಟಿಗೆ ಹೊತ್ತು ಓಡುವುದು. ಪಕ್ಕದ ಮನೆಯವರು ಕಿಟಕಿಯಲ್ಲಿ ನಿಂತು, “ಏನ್ರಿ ಸಾಹೇಬ್ರ, ಪೇಟ್ಯಾಗ ಹೊಲಾ ಮಾಡಾಕತ್ತೀರೇನು?” ಎಂದು ಕೇಳಿದರು. ಅವಳು ನಕ್ಕಳು. ಆಸ್ಪತ್ರೆ ಶುರುವಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ನಿಜಕ್ಕೂ ಅವಳು ಹೊಲವನ್ನೇ ಮಾಡುತ್ತಿದ್ದಳು. ಹಿಂಗಾರಿ ಜೋಳಕ್ಕೆ ನಮ್ಮ ಕಡೆ ಯಾರೂ ನೀರು ಹಾಯಿಸುವುದಿಲ್ಲ. ಮಳೆಗಾಲದಲ್ಲಿ ಹೊಲದ ತುಂಬ ಚೌಕ ಚೌಕವಾಗಿ ಸಣ್ಣ ಒಡ್ಡು ಏರಿಸಿ, ಬಿದ್ದ ಮಳೆಯನ್ನು ಅಲ್ಲಲ್ಲೇ ಇಂಗಿಸುತ್ತಾರೆ. ಆಮೇಲೆ ಬಿತ್ತಿದ ಜೋಳ ಆ ಹಸಿಯ ಮೇಲೆ, ಇಬ್ಬನಿಯ ಮೇಲೆ ಬೆಳೆದು ನಿಲ್ಲುತ್ತದೆ. ಬೆಳೆಯ ನಡುವೆ ಎಡೆಕುಂಟೆ ಹೊಡೆದು ಸೀಳು ಮುಚ್ಚುತ್ತಾ ಇರಬೇಕು, ಇಲ್ಲದಿದ್ದರೆ ಹಸಿ ಆ ಸೀಳಿನಿಂದ ಹಾರಿಹೋಗುತ್ತದೆ. ಅದನ್ನೇ ಅವಳು ನಮ್ಮ ಅಂಗಳಕ್ಕೆ ಇಳಿಸಿದಳು. ಇಟ್ಟಿಗೆ ಇಟ್ಟಲ್ಲೆಲ್ಲ ಮೊಳದೆತ್ತರದ ಒಡ್ಡುಗಳು ಬಂದವು. ಬಚ್ಚಲ ಪೈಪನ್ನು ಅವಳ ತಮ್ಮ ಹಾರೆ ಹಾಕಿ ಒಡೆದು, ಹೊಸದಾಗಿ ಹಚ್ಚಿದ ಬಾಳೆ, ಕರಿಬೇವಿನ ಕಡೆ ತಿರುಗಿಸಿದ. ಮಾಳಿಗೆಯ ಮಳೆನೀರಿಗೆ ಕಲ್ಲು ತುಂಬಿದ ಗುಂಡಿ ತೋಡಿದೆವು. ಎರೆ ನೆಲ ನೀರು ಕುಡಿದರೆ ಉಬ್ಬಿ ಗೋಡೆ ಸೀಳುತ್ತದೆ, ಗುಂಡಿ ಅಡಿಪಾಯದಿಂದ ದೂರ ಇರಲಿ ಎಂದು ನಾನು ಹೇಳಿದೆ. ಇಡೀ ಕೆಲಸದಲ್ಲಿ ನನ್ನ ವಿದ್ಯೆ ಉಪಯೋಗಕ್ಕೆ ಬಂದದ್ದು ಅಷ್ಟೇ.

ತಿಕೋಟಾದ ನರ್ಸರಿಯಿಂದ ಬಿಲ್ವದ ಪತ್ರಿ, ಸೀತಾಫಲ, ನುಗ್ಗೆ ತಂದೆವು. ರಸ್ತೆಯ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿಯ ಬೀಜ ಚೆಲ್ಲಿದೆವು. ಗೋಡೆಯ ಮೂಲೆಯಲ್ಲಿ ಹಕ್ಕಿ ಹಾಕಿದ ಬೇವು ತಾನೇ ಎದ್ದಿತ್ತು. ಒಂದು ಸಾಲು ಲೋಳಸರ. ಎಲ್ಲಕ್ಕೂ ನಡುವೆ, ಬಾಗಿಲಿಗೆ ಎದುರಾಗಿ, ಅವಳ ತಮ್ಮ ಬೀಜ ಊರಿ ಚೀಲದಲ್ಲಿ ಎಬ್ಬಿಸಿದ್ದ ಬನ್ನಿ.

“ಮನಿ ಮುಂದ ಮುಳ್ಳಿನ ಗಿಡ ಹಚ್ಚತಿಯೇನು?” ಎಂದು ನಾನು ತಕರಾರು ತೆಗೆದೆ.

“ಮುಳ್ಳ ಇದ್ದದ್ದಕ್ಕ ನೀರ ಕಡಿಮಿ ಬೇಕ್ರಿ. ನಿಮಗ ಇದ ಬರೋಬರಿ.”

ಬನ್ನಿ ಹಚ್ಚಿದ ದಿನ ಅವಳು ತನ್ನ ತಂಬಿಗೆಯನ್ನು ಹೊರಗೆ ತಂದಳು. ಅರ್ಧ ಉಳಿದಿತ್ತು, ಸಂಜೆಯವರೆಗೆ ಅವಳ ಪಾಲು ಅದು. ನಾನು ನೋಡುತ್ತಿದ್ದಂತೆ ಅದನ್ನು ಸಸಿಯ ಬುಡಕ್ಕೆ ಸುರಿದಳು. ನನಗೆ ಕಣ್ಣಿಗೆ ಕತ್ತಲೆ ಕವಿಯುವಷ್ಟು ಸಿಟ್ಟು ಬಂತು. ನಲ್ಲಿಯಲ್ಲಿ ನೀರಿಲ್ಲವೇ ಎಂದು ಕೂಗಿದೆ. ಇರಲಿ, ನನಗೂ ಅದಕ್ಕೂ ಒಂದೇ ಅಳತೆ ಎಂದಳು. ಆ ಸಂಜೆ ಲವಂಗ ಕಚ್ಚಿಕೊಂಡು ಕೂತಿದ್ದಳು, ಇನ್ನೊಂದು ಗುಟುಕು ಕೇಳಲಿಲ್ಲ. ಸಸಿಯ ಪಕ್ಕ ಒಂದು ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿಸಿ ನನಗೆ ನಿಯಮ ಹೇಳಿಕೊಟ್ಟಳು: “ಬ್ಯಾಸಗಿ ಬಂತಂದ್ರ ಸೋಮವಾರಕ್ಕೊಮ್ಮೆ ಈ ಗಡಿಗಿ ತುಂಬರಿ. ಒಂದ ಬ್ಯಾಸಗಿ ಅಷ್ಟ. ಆಮ್ಯಾಲ ಮರತುಬಿಡ್ರಿ. ಮರಿಯೂದು ನಿಮಗ ಹೇಳಿಕೊಡಬೇಕೇನು?”

ಆಮೇಲೆ ಮೂರು ತಿಂಗಳು ಅವಳು ದಿನಾ ಸಣ್ಣ ಮಣೆಯ ಮೇಲೆ ಕೂತು ಕುರ್ಪಿ ಹಿಡಿದು ಮಣ್ಣು ಕೆದರಿ ಸೀಳು ಮುಚ್ಚುತ್ತಿದ್ದಳು. ದಸರೆಯ ದಿನ ಆ ಸಸಿಯಿಂದ ಎರಡೇ ಎಲೆ ಕಿತ್ತು ತಂದಳು. ನಮ್ಮಲ್ಲಿ ಬನ್ನಿ ಕೊಡುವಾಗ ಸಣ್ಣವರು ದೊಡ್ಡವರ ಕಾಲು ಮುಟ್ಟುತ್ತಾರೆ. ಬಾಗಲು ಅವಳಿಗೆ ಕಷ್ಟವಾಗಿತ್ತು, ಬೇಡವೆಂದೆ, ಕೇಳಲಿಲ್ಲ. ಗೋಡೆ ಹಿಡಿದು ಬಾಗಿ, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ,” ಎಂದಳು. ನಾನೂ ಹಾಗೇ ಅಂದೆ. ಬೇಸಿಗೆಯಲ್ಲಿ ಆಡಿದ ಮಾತಿಗೆ ಅಂದೇ ತಪ್ಪೊಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಳ್ಳಲಿಲ್ಲ.

ಸಂಕ್ರಾಂತಿಯ ನಂತರ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು. ತಿಕೋಟಾದ ನಮ್ಮ ಹೊಲದ ಬದುವಿನಲ್ಲಿ, ನನ್ನ ಅಣ್ಣನ ದ್ರಾಕ್ಷಿ ತೋಟದ ಪಕ್ಕ ಮಣ್ಣು ಮಾಡಿದೆವು. ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ತಂಬಿಗೆ ತಾಟು ಮುಚ್ಚಿಕೊಂಡು ಇತ್ತು. ಒಳಗಿನ ನೀರನ್ನು ಏನು ಮಾಡಬೇಕೆಂದು ತಿಳಿಯದೆ ಬನ್ನಿಗೆ ಹಾಕಿದೆ.

ಅಲ್ಲಿಂದಲೇ ನನ್ನ ಕೆಲಸ ಕೆಟ್ಟಿತು. ನಾನು ಮರೆಯುತ್ತೇನೆ ಎಂದಿದ್ದಳಲ್ಲ, ಈ ಒಂದರಲ್ಲಿ ಅವಳ ಮಾತು ಸುಳ್ಳಾಗಬೇಕು ಅನ್ನಿಸಿತು. ಸೋಮವಾರ ಗಡಿಗೆ ತುಂಬಿದೆ. ಮಂಗಳವಾರ ನೋಡಿದರೆ ಸಸಿ ಬಾಡಿದಂತೆ ಕಂಡಿತು, ಮತ್ತೆ ತುಂಬಿದೆ. ಹತ್ತು ದಿನದಲ್ಲಿ, ಮಾಳಿಗೆಗೆ ಎತ್ತಿಟ್ಟಿದ್ದ ಪೈಪು ಕೆಳಗಿಳಿಯಿತು. ಮೊಬೈಲಿನಲ್ಲಿ ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಅಲಾರಾಂ. ಆ ವರ್ಷ ಬೋರಿಗೆ ನೀರು ಮರಳಿತ್ತು. ಅವಳು ಏರಿಸಿದ ಒಡ್ಡುಗಳು ಗಟ್ಟಿ ಇದ್ದವು, ಬಿಟ್ಟ ನೀರು ಒಂದು ಹನಿಯೂ ಹೊರಗೆ ಹೋಗುತ್ತಿರಲಿಲ್ಲ. ಅವಳಿಗೆ ಕೊಡಲಾಗದ ನೀರನ್ನೆಲ್ಲ ಅವಳ ಗಿಡಗಳಿಗಾದರೂ ಹೊಟ್ಟೆ ತುಂಬ ಕುಡಿಸುತ್ತಿದ್ದೇನೆ ಎಂದು ನಾನು ತಿಳಿದಿದ್ದೆ. ಮಳೆಗಾಲ ಬಂದರೂ ನಿಲ್ಲಿಸಲಿಲ್ಲ. ಮೊದಲು ಲೋಳಸರ ಕೊಳೆತು ಮೆತ್ತಗಾಯಿತು. ತಂಗಡಿ ನಿಂತಲ್ಲೇ ಸತ್ತಿತು. ಪತ್ರಿಯ ಎಲೆ ಹಳದಿಯಾಗಿ ಉದುರಿತು, ಬನ್ನಿಯ ತುದಿ ಕರಿದಾಯಿತು. ಬಾಯಾರಿಕೆ ಇರಬೇಕೆಂದು ಇನ್ನಷ್ಟು ಬಿಟ್ಟೆ.

ನಾಗರ ಪಂಚಮಿಗೆ ಅವಳ ತಮ್ಮ ಬಂದ. ಪ್ರತಿ ವರ್ಷ ಅಕ್ಕನನ್ನು ತವರಿಗೆ ಕರೆದೊಯ್ಯಲು ಬರುವ ದಿನ ಅದು. ಈ ಸಲ ಕರೆದೊಯ್ಯಲು ಯಾರೂ ಇರಲಿಲ್ಲ. ಕೈಯಲ್ಲಿ ಜೋಳದ ಅಳ್ಳು, ಶೇಂಗಾ ಉಂಡಿಯ ಡಬ್ಬಿ ಇತ್ತು.

“ಕಾಲು ತಾವ ಬಂದ್ವು ಮಾವಾರ,” ಎಂದ. “ಬಸ್ ಹತ್ತಿದಮ್ಯಾಲ ತಿಳೀತು.”

ತಂಬಿಗೆ ನೀರು ಕೊಟ್ಟೆ. ಕುಡಿದು ಅಂಗಳಕ್ಕೆ ಇಳಿದ. ಬನ್ನಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಹಿಂಡಿದ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. ಮೂಗಿಗೆ ಹಿಡಿದರೆ ಗಟಾರದ ವಾಸನೆ. ನನ್ನ ಮುಖ ನೋಡದೆ ಕೇಳಿದ.

“ಮಾವಾರ, ಡಯಾಲಿಸಿಸ್ ಶುರುವಾದ ಹೊಸತಾಗ, ನಮ್ಮ ಮನಿ ಮದವ್ಯಾಗ ಅಕ್ಕ ಸೆಕಿ ತಾಳಲಾರದ ತಂಬಿಗಿ ಮ್ಯಾಲ ತಂಬಿಗಿ ನೀರ ಕುಡದಿದ್ಳು. ಮರದಿನಾ ಏನಾತು, ನೆನಪೈತೇನ್ರಿ?”

ನೆನಪಿತ್ತು. ಕಾಲು ಕಂಬದಂತೆ ಬಾತಿದ್ದವು. ಮಲಗಿದರೆ ಉಸಿರು ಸಿಗದೆ ದಿಂಬಿಗೆ ಒರಗಿ ಕೂತು, ನೀರು ಒಳಗೆ ಮುಳುಗಿಸುತ್ತಿದೆ ಎಂದು ನನ್ನ ಕೈ ಹಿಡಿದಿದ್ದಳು. ಜೀಪಿನಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಓಡಿದ್ದೆವು.

“ಇದಕ್ಕೂ ಹಂಗ ಆಗೇತ್ರಿ. ಬೇರಿಗೆ ಉಸರ ಇಲ್ಲ.”

ನಾನು ಅಲ್ಲೇ ಕೆಸರಿನಲ್ಲಿ ಕೂತು ಅತ್ತೆ. ಮಣ್ಣು ಮಾಡಿದ ದಿನ ಬಾರದ ಅಳು ಅಂದು ಬಂತು. ಅವಳು ಅಷ್ಟು ಸಣ್ಣ ಅಳತೆಯಲ್ಲಿ ಹೇಳಿ ಹೋಗಿದ್ದಳು, ನಾನು ನನ್ನ ತಪ್ಪಿನ ಅಳತೆಯಲ್ಲಿ ಸುರಿದಿದ್ದೆ. ಅತಿಯಾದರೆ ಅಮೃತವೂ ವಿಷ ಎಂದು ಶಾಲೆಯ ಹುಡುಗರಿಗೂ ಗೊತ್ತಿರುವುದು ಕಾಲುವೆಯವನಿಗೆ ಗೊತ್ತಾಗಲಿಲ್ಲ. ಅವಳ ತಮ್ಮ ನನ್ನನ್ನು ಸಮಾಧಾನ ಮಾಡಲಿಲ್ಲ. ಒಡ್ಡಿಗೆ ಬಾಯಿ ಬಿಡಿಸಿ ನಿಂತ ನೀರನ್ನು ಹೊರಗೆ ಹಾಕಿದ, ಸತ್ತ ಗಿಡಗಳನ್ನು ಕಿತ್ತ, ಬನ್ನಿಯ ಕರಿದಾದ ತುದಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ. ಪೈಪನ್ನು ಸುತ್ತಿ ತನ್ನ ದನದ ಕೊಟ್ಟಿಗೆಗೆ ಒಯ್ದ.

ಆ ದಸರೆಗೆ ಬನ್ನಿಯಲ್ಲಿ ಎಲೆ ಇರಲಿಲ್ಲ. ನೆರೆಯವರು ಬಂದು ಕೊಟ್ಟ ಬನ್ನಿ ತಗೊಂಡೆ. ತಿರುಗಿ ಕೊಡಲು ಸಿದ್ಧೇಶ್ವರ ಗುಡಿಯ ಬಳಿ ಮಾರುವ ಬನ್ನಿ ತರಬಹುದಿತ್ತು, ಮನಸ್ಸಾಗಲಿಲ್ಲ. ಬರಿಗೈಯಲ್ಲಿ ನಮಸ್ಕಾರ ಮಾಡಿ ಕಳಿಸಿದೆ. ತಿಕೋಟಾದ ಹೊಲಕ್ಕೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಮುಂದಿನ ಬೇಸಿಗೆ ಬಂತು. ಈ ಸಲ ಗಡಿಗೆಯೂ ಬೇಡ, ಬದುಕುವುದಿದ್ದರೆ ಬೇರು ಕೆಳಗೆ ಹೋಗಿರುತ್ತದೆ ಎಂದು ಅವಳ ತಮ್ಮ ಫೋನಿನಲ್ಲಿ ಹೇಳಿದ್ದ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಕೈ ನಲ್ಲಿಯ ಕಡೆಗೇ ಹೋಗುತ್ತಿತ್ತು. ಅವಳ ಮಣೆ ಹಾಕಿಕೊಂಡು ಅವಳ ಕುರ್ಪಿಯಿಂದ ಸೀಳು ಮುಚ್ಚುತ್ತಾ ಕೂಡುತ್ತಿದ್ದೆ. ಒಂದು ಮಧ್ಯಾಹ್ನ ತಡೆಯಲಾಗದೆ ಬಕೆಟ್ಟು ತುಂಬಿ ಬನ್ನಿಯ ಹತ್ತಿರ ಹೋಗಿ ನಿಂತೆ. ಬರೀ ಒಂದು ಕಡ್ಡಿ, ಅದಕ್ಕೆ ನಾಲ್ಕು ಮುಳ್ಳು. ಸುರಿದರೆ ಯಾರೂ ನೋಡುವವರಿಲ್ಲ. ದಿಂಬಿಗೆ ಒರಗಿ ಕೂತ ಅವಳ ಮುಖ ನೆನಪಾಯಿತು. ಬಕೆಟ್ಟು ಹಾಗೇ ತಿರುಗಿ ತಂದು, ಹಕ್ಕಿಗಳಿಗೆಂದು ಗೋಡೆಯ ಮೇಲಿಟ್ಟಿದ್ದ ಬಟ್ಟಲು ತುಂಬಿದೆ, ಉಳಿದದ್ದರಲ್ಲಿ ಮುಖ ತೊಳೆದುಕೊಂಡೆ.

ಆಮೇಲೆ ತಿಕೋಟಾದಿಂದ ಅಣ್ಣನ ಫೋನು ಬಂತು. ಒಣದ್ರಾಕ್ಷಿ ಮಾಡುವ ಕೆಲಸ ಜೋರು, ಆಳುಗಳ ಮೇಲೆ ಕಣ್ಣಿಡಲು ಒಬ್ಬರು ಬೇಕು. ಹೋದೆ. ಅವಳನ್ನು ಮಣ್ಣು ಮಾಡಿದ ಬದುವಿನ ಕಡೆ ಕಾಲಿಡದೆ, ಕೆಲಸದಲ್ಲೇ ಮುಳುಗಿ ಹನ್ನೆರಡು ದಿನ ಅಲ್ಲೇ ಇದ್ದೆ. ತಿರುಗಿ ಬಸ್ಸಿನಲ್ಲಿ ಕೂತಾಗ, ಊರು ಕಾಣಿಸುವಷ್ಟರಲ್ಲಿ ತಟ್ಟನೆ ಹೊಳೆಯಿತು. ಹನ್ನೆರಡು ದಿನದಲ್ಲಿ ಒಮ್ಮೆಯೂ ನನಗೆ ಅಂಗಳ ನೆನಪಾಗಿರಲಿಲ್ಲ. ಕೊನೆಗೂ ಮರೆತಿದ್ದೆ, ಅವಳು ಹೇಳಿದ ಹಾಗೇ.

ಗೇಟು ತೆಗೆದೆ. ಉರಿಬಿಸಿಲು. ಬಡಾವಣೆಯ ಹುಲ್ಲೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಬೇವು ತುಂಬಿ ನಿಂತಿತ್ತು. ಪತ್ರಿ ಹೋಗಿತ್ತು, ಅದು ಮತ್ತೆ ಬರಲಿಲ್ಲ. ಆ ಕಡ್ಡಿಯ ಬುಡದಿಂದ ತುದಿಯವರೆಗೆ, ಮಳೆಗೆ ಇನ್ನೂ ತಿಂಗಳು ಇರುವಾಗ, ಎಳೆ ಹಸಿರು ಎಲೆ ಹೊರಟಿತ್ತು. ಬನ್ನಿ ಚಿಗುರುವುದೇ ಬಿಸಿಲು ಏರಿದಾಗ ಎಂದು ಅವಳ ತಮ್ಮ ಆಮೇಲೆ ಹೇಳಿದ. ನನಗೆ ಅದು ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಚೀಲ ಕೆಳಗಿಟ್ಟು ಪಾವಟಿಗೆಯ ಮೇಲೆ, ಅವಳು ಕೂಡುವ ಜಾಗ ಬಿಟ್ಟು, ಪಕ್ಕದಲ್ಲಿ ಕೂತೆ.

ಮೊನ್ನೆಯ ದಸರೆಗೆ ಆ ಗಿಡ ನನ್ನ ಎದೆಯೆತ್ತರ ಆಗಿತ್ತು. ಎರಡೇ ಎಲೆ ಕಿತ್ತು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿಕೋಟಾ ಬಸ್ಸು ಹತ್ತಿದೆ. ಬದುವಿನ ಮೇಲೆ ಅವಳ ಗದ್ದುಗೆಯ ಕಲ್ಲು ಬಿಸಿಯಾಗಿತ್ತು. ಎಲೆ ಇಟ್ಟೆ. ಬಂಗಾರದಂಗ ಇರೂಣ ಅನ್ನಬೇಕು. ಇರೋಣ ಅನ್ನಲು ಇಬ್ಬರು ಬೇಕು, ಆ ಮಾತು ಬಾಯಿಗೆ ಬರಲಿಲ್ಲ. ದೊಡ್ಡವರು ಸಣ್ಣವರಿಗೆ ಬಾಗುವ ಪದ್ಧತಿಯೂ ನಮ್ಮಲ್ಲಿಲ್ಲ. ಆದರೂ ಬಾಗಿ, ಕಲ್ಲಿಗೆ ಹಣೆ ಹಚ್ಚಿ, ಅವಳಿಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳಿದೆ:

“ಈ ವರ್ಷ ಅದಕ್ಕ ಒಂದ ಹನಿ ನೀರೂ ಹಾಕಿಲ್ಲ.”